ಬಡವ: ಮೈಯಿಂದ ಹುಟ್ಟಿದ ಮಾತು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಗಂಡನ ಮನೆಯಿಂದ ಬಂದ ಮಗಳನ್ನು ತಾಯಿ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾಳೆ: ‘ಯಾಕವ್ವಾ, ಇಷ್ಟ್ಯಾಕ ಬಡವಾಗೀ?’ ಮಗಳ ಮನೆಯಲ್ಲಿ ಗೋವಿನಜೋಳದ ಚೀಲಗಳು ಅಟ್ಟ ಮುಟ್ಟಿರಬಹುದು, ಕೊರಳಲ್ಲಿ ಬಂಗಾರವೂ ಇರಬಹುದು. ತಾಯಿಯ ಕಣ್ಣು ಬಿದ್ದಿರುವುದು ಒಳಸರಿದ ಕೆನ್ನೆಯ ಮೇಲೆ, ಬಳೆ ಸಡಿಲಾದ ಮುಂಗೈ ಮೇಲೆ. ಜ್ವರ ಬಿಟ್ಟು ಎದ್ದ ಹುಡುಗ ‘ಬಡವಾಗ್ಯಾನ’. ಹಾಲು ಸಾಲದ ಕರು ‘ಬಡವಾಗೈತಿ’. ಗೊಬ್ಬರ ಕಾಣದ ಪೈರಿಗೂ ಇದೇ ಮಾತು. ಅದೇ ಓಣಿಯ ರೇಷನ್ ಅಂಗಡಿಯ ಮುಂದೆ, ಅದೇ ದಿನ, ‘ನಾವು ಬಡವರ್ರಿ, ಕಾರ್ಡ್ ಕೊಡ್ರಿ’ ಎಂಬ ದನಿಯೂ ಕೇಳುತ್ತದೆ.

ಸೊರಗಿದ ಮೈಗೂ ಬರಿದಾದ ಕೈಗೂ ಕನ್ನಡದಲ್ಲಿ ಒಂದೇ ಪದ. ಮೊದಲು ಮೈ ಬಡವಾಗುತ್ತದೆ, ಆಮೇಲೆ ಮನೆ ಬಡವಾಗುತ್ತದೆ, ಮನೆ ಬಡವಾದ ಮೇಲೆ ಮೈ ಇನ್ನಷ್ಟು ಬಡವಾಗುತ್ತದೆ. ಈ ಸುತ್ತನ್ನು ಕನ್ನಡಿಗರು ಕಂಡುಂಡು ಪದದೊಳಗೆ ಕಟ್ಟಿಟ್ಟಿದ್ದಾರೆ. ರೋಗ ಬಂದಾಗ, ರಾಜ್ಯ ಕದಲಿದಾಗ ಜನ ಹೇಗೆ ಬಡವಾಗುತ್ತಾರೆ ಎಂಬುದನ್ನು ತಿಳಿಯಬೇಕಾದವರು ಈ ಪದದ ಬಾಳನ್ನು ಒಮ್ಮೆ ಹಿಂಬಾಲಿಸಿ ನೋಡಬೇಕು.

ಪದದ ಬಳಗ

ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ‘ಬಡ’, ‘ಬಡವು’ ಎಂಬ ಪದಗಳಿಗೆ ದಾರಿದ್ರ್ಯದ ಅರ್ಥವೂ ಇದೆ, ತೆಳುವು, ಕೃಶತೆ, ನಿತ್ರಾಣದ ಅರ್ಥವೂ ಇದೆ. ಬಡಕ, ಬಡಕಲು ಎಂಬವು ಪೂರ್ತಿ ಮೈಯ ಪದಗಳು. ಬಡಕಲು ಎತ್ತು ಎಂದರೆ ಪಕ್ಕೆಲುಬು ಎಣಿಸಬಹುದಾದ ಎತ್ತು. ಬಡಪಾಯಿ, ಬಡಜೀವ, ಬಡಬಗ್ಗರು ಎಂಬಲ್ಲಿ ಮೈಯೂ ಸ್ಥಿತಿಯೂ ಬೆರೆತುಹೋಗಿವೆ. ‘ಬಡತನ’ ಎಂಬುದಂತೂ ‘ತನ’ ಪ್ರತ್ಯಯ ಹಚ್ಚಿಕೊಂಡು ಮೈಯನ್ನು ಬಹುತೇಕ ಮರೆತ ಪದ. ಇಂದು ಬರಹದಲ್ಲಿ ಹೆಚ್ಚು ಕಾಣುವುದು ಅದೇ.

ನೆರೆಹೊರೆಯ ನುಡಿಗಳನ್ನು ಪಕ್ಕದಲ್ಲಿಟ್ಟರೆ ಹಳೆಯ ಅರ್ಥ ಇನ್ನೂ ತಿಳಿಯಾಗುತ್ತದೆ. ಮಂಗಳೂರಿನಿಂದ ಕಾಸರಗೋಡಿನವರೆಗೆ ತುಳುವರು ‘ಎಂಕ್ ಬಡವಾಪುಂಡು’ ಎಂದರೆ ‘ನನಗೆ ಹಸಿವಾಗುತ್ತಿದೆ’ ಎಂದರ್ಥ. ತುಳುವಿನಲ್ಲಿ ಬಡವು ಎಂದರೆ ಹಸಿವು. ತೆಲುಗಿನಲ್ಲಿ ‘ಬಡುಗು’ ಎಂದರೆ ತೆಳ್ಳಗಿನ, ಬಲವಿಲ್ಲದ. ಆಂಧ್ರ, ತೆಲಂಗಾಣಗಳ ರಾಜಕೀಯ ಭಾಷಣಗಳಲ್ಲಿ ‘ಬಡುಗು, ಬಲಹೀನ ವರ್ಗಗಳು’ ಎಂಬ ಜೋಡಿ ದಿನವೂ ಕಿವಿಗೆ ಬೀಳುತ್ತದೆ. ತುಳುವಿನ ಹಸಿವು, ತೆಲುಗಿನ ನಿತ್ರಾಣ, ಕನ್ನಡದ ಸೊರಗು ಮೂರನ್ನೂ ಸೇರಿಸಿ ಓದಿದರೆ ಪದದ ಬೇರು ಉಣ್ಣದ ಮೈಯಲ್ಲಿದೆ ಎಂದು ಅನ್ನಿಸದೆ ಇರದು. ಆಸ್ತಿಪಾಸ್ತಿಯ ಲೆಕ್ಕ ಆಮೇಲೆ ಬಂದದ್ದು.

ಕೇಳಲು ಒಂದೇ ಬಗೆಯವಾದರೂ ನಂಟಿಲ್ಲದ ಪದಗಳನ್ನು ಇಲ್ಲೇ ಬದಿಗಿಡೋಣ. ಮರಗೆಲಸದ ಬಡಗಿ ಸಂಸ್ಕೃತದ ವರ್ಧಕಿಯಿಂದ ಬಂದವನು. ಬಡಗಣ ದಿಕ್ಕು ತಮಿಳಿನ ವಡಕ್ಕು ಎಂಬುದರ ಒಡಹುಟ್ಟು. ಕಡಲಿನ ಬಡಬಾಗ್ನಿಯಲ್ಲಿರುವುದು ವಡಬಾ, ಅಂದರೆ ಹೆಣ್ಣುಕುದುರೆ. ‘ಬಡ್ಡಿ’ಯೂ ಬಡವನ ಬಂಧುವಲ್ಲ. ಅದು ಸಂಸ್ಕೃತದ ವೃದ್ಧಿ ಪ್ರಾಕೃತದಲ್ಲಿ ಸವೆದು ಆದ ರೂಪ. ವೃದ್ಧಿ ಎಂದರೆ ಬೆಳೆಯುವುದು, ದಪ್ಪವಾಗುವುದು. ಹಾಗೆ ನೋಡಿದರೆ ಬಡ್ಡಿ ಮತ್ತು ಬಡ ಒಂದಕ್ಕೊಂದು ನೇರ ವಿರುದ್ಧಾರ್ಥದ ಪದಗಳು. ಒಂದು ಕಡೆ ಹಣ ಕೊಬ್ಬುತ್ತದೆ, ಇನ್ನೊಂದು ಕಡೆ ಜೀವ ತೆಳುವಾಗುತ್ತದೆ. ದವಾಖಾನೆಯ ಬಿಲ್ಲಿಗೆ ಕೈಗಡ ತಂದ ಯಾವ ಮನೆಯವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಡತನಕ್ಕೆ ನಾವು ಬಳಸುವ ಬೇರೆ ಪದಗಳ ನೋಟ ಬೇರೆ. ‘ದರಿದ್ರ’ದ ಧಾತು ‘ದ್ರಾ’, ಓಡು ಎಂಬ ಅರ್ಥದ್ದು. ವೇದದ ಕಾಲದಲ್ಲಿ ದರಿದ್ರನೆಂದರೆ ಅತ್ತಿತ್ತ ಅಲೆಯುವವನು. ‘ಗರೀಬ’ ಅರಬ್ಬಿ ಪದ, ಅದರ ಮೂಲಾರ್ಥ ಪರಸ್ಥಳದವ, ತನ್ನವರಿಂದ ದೂರವಾದವ. ಕನ್ನಡದ್ದೇ ಆದ ‘ತಿರುಕ’ ತಿರಿಯುವವನು, ಮನೆಯಿಂದ ಮನೆಗೆ ತಿರುಗುವವನು. ಈ ಮೂರೂ ಪದಗಳು ಬಡವನ ಕಾಲನ್ನು ನೋಡಿ ಹುಟ್ಟಿದವು. ಆತ ನಿಂತ ನೆಲ ಕಳೆದುಕೊಂಡಿದ್ದಾನೆ, ಬಿಟ್ಟ ಊರಿನ ಧೂಳು ಕಾಲಲ್ಲಿದೆ. ‘ಬಡವ’ ಮಾತ್ರ ಆತನ ಪಕ್ಕೆಲುಬನ್ನು ನೋಡಿ ಹುಟ್ಟಿದ ಪದ. ಕಾಲಿನ ಕತೆಯಲ್ಲಿ ದಂಡು, ದಂಗೆ, ಬರಗಳಿವೆ. ಮೈಯ ಕತೆಯಲ್ಲಿ ಹಸಿವು, ಜಡ್ಡುಗಳಿವೆ. ಹಾವೇರಿ ಸೀಮೆಯ ಇತಿಹಾಸದಲ್ಲಿ ಈ ಎರಡು ಕತೆಗಳು ಮತ್ತೆ ಮತ್ತೆ ಒಂದಾಗಿವೆ.

ಕಾವ್ಯದಲ್ಲಿ, ವಚನದಲ್ಲಿ

ಹಳಗನ್ನಡ ಕಾವ್ಯಗಳು ಹೆಣ್ಣನ್ನು ಬಣ್ಣಿಸುವಾಗ ‘ಬಡನಡು’ ಎನ್ನುತ್ತವೆ. ಸಣ್ಣ ಸೊಂಟವೆಂದು ಅರ್ಥ, ಅಲ್ಲಿ ಅದು ಚೆಲುವಿನ ಮಾತು. ಅರಮನೆಯ ಕಾವ್ಯದಲ್ಲಿ ತೆಳುವು ಅಲಂಕಾರವಾಗಬಲ್ಲದು, ಏಕೆಂದರೆ ಅಲ್ಲಿ ಉಣಿಸು ಸಾಲದೆ ಯಾರೂ ತೆಳುವಾಗಿಲ್ಲ. ಅದೇ ಪದ ದುಡಿಯುವವರ ಬಾಯಿಗೆ ಬಂದಾಗ ಅದರ ಭಾರ ಬೇರೆಯಾಯಿತು.

12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ತನ್ನನ್ನು ಬಡವನೆಂದು ಕರೆದುಕೊಂಡ ವಚನ ಕನ್ನಡಿಗರೆಲ್ಲರಿಗೂ ಗೊತ್ತು. ಅಲ್ಲಿ ‘ಬಡವ’ನ ಎದುರು ನಿಂತಿರುವವರು ‘ಉಳ್ಳವರು’. ಉಳ್ಳವರ ಬಳಿ ಕಲ್ಲಿದೆ, ಹೊನ್ನಿದೆ, ಗುಡಿ ಕಟ್ಟಿಸುವ ಶಕ್ತಿಯಿದೆ. ಬಡವನ ಬಳಿ ಇರುವುದು ಮೈ ಒಂದೇ, ಅದನ್ನೇ ಆತ ಗುಡಿಯಾಗಿಸುತ್ತಾನೆ. ಬಡವನೆಂದರೆ ಮೈಯೊಂದನ್ನು ಬಿಟ್ಟು ಬೇರೆ ಬಂಡವಾಳವಿಲ್ಲದವನು ಎಂಬ ತಿಳಿವು ಆ ವಚನದ ತಳದಲ್ಲಿದೆ. ಶರಣರು ದುಡಿಮೆಗೆ ಕೊಟ್ಟ ‘ಕಾಯಕ’ ಎಂಬ ಹೆಸರಿನೊಳಗೂ ಇರುವುದು ಕಾಯ, ಅಂದರೆ ಮೈ. ಆ ಕಾಲದ ಅಂಬಿಗರ ಚೌಡಯ್ಯ ರಾಣೆಬೆನ್ನೂರು ತಾಲೂಕಿನ, ತುಂಗಭದ್ರೆಯ ದಡದ ಚೌಡದಾನಪುರದವನು. ದೋಣಿಯ ಹುಟ್ಟು ಹಾಕುವವನಿಗೆ ರಟ್ಟೆಯೇ ಆಸ್ತಿ. ರಟ್ಟೆ ನಂಬಿ ಬದುಕುವವರ ರಟ್ಟೆ ಬಿದ್ದರೆ ಕಾಯಕವೂ ಬಿತ್ತು, ಮನೆಯೂ ಬಿತ್ತು. ಒಂದು ಜ್ವರ ಉಳ್ಳವನ ಮನೆಯಲ್ಲಿ ಬರಿಯ ಜ್ವರವಾಗಿ ಮುಗಿಯುತ್ತದೆ, ಬಡವನ ಮನೆಯಲ್ಲಿ ಅದು ಇದ್ದೊಂದು ಬಂಡವಾಳದ ಮೇಲೆ ಬಿದ್ದ ಪೆಟ್ಟು.

ಇಂದಿನ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಉಳ್ಳವರು–ಬಡವರ ಈ ಮಾತನ್ನು ಧಾನ್ಯಗಳ ಜಗಳವಾಗಿ ಹೇಳಿದರು. ರಾಗಿ ದೊಡ್ಡದೋ ಅಕ್ಕಿ ದೊಡ್ಡದೋ ಎಂಬ ವಾದವೆದ್ದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ಬಂದಾಗ ಅಕ್ಕಿ ಕಂಗೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿಯೇ ಇರುತ್ತದೆ. ಬಡವರ ಕಾಳಿಗೆ ಅಲ್ಲಿ ಸಿಗುವ ಮರ್ಯಾದೆ ಕೆಟ್ಟ ಕಾಲವನ್ನು ತಾಳುವ ಶಕ್ತಿಗೆ ಸಲ್ಲುವ ಮರ್ಯಾದೆ. ಕೆಟ್ಟ ಕಾಲ ಹಗೇವಿನ, ಅಂದರೆ ಕಾಳು ತುಂಬಿಡುವ ನೆಲಗುಂಡಿಯ, ಬಾಗಿಲಿಗೆ ಬಂದು ನಿಲ್ಲುವುದನ್ನು ಕಂಡ ಜನಕ್ಕೆ ಆ ಕತೆ ಕೂಡಲೇ ನಾಟುತ್ತದೆ.

ದಂಡು ಬಂದ ಕಾಲ

ಹಾವೇರಿಯೂ ಸೇರಿದ್ದ ಧಾರವಾಡ ಸೀಮೆ ಮೈಸೂರಿಗೂ ಪುಣೆಗೂ ನಡುವಿನ ಹಾದಿ. 1790ರಲ್ಲಿ ಟಿಪ್ಪುವಿನ ಮೇಲಿನ ಯುದ್ಧಕ್ಕೆ ಪರಶುರಾಮ ಭಾವುವಿನ ಮರಾಠಾ ದಂಡು ಈ ಹಾದಿಯಲ್ಲಿ ಬಂತು. ಧಾರವಾಡದ ಕೋಟೆಗೆ ಹಾಕಿದ ಮುತ್ತಿಗೆ ಮುಗಿದದ್ದು 1791ರ ಏಪ್ರಿಲ್‌ನಲ್ಲಿ. ದಂಡು ಹಾದು ಹೋದಲ್ಲೆಲ್ಲ ಬೆಳೆ, ಮೇವು, ಹಗೇವಿನ ಕಾಳು ಹೋದವು. ಗೆದ್ದ ದಂಡೇ ಮರಳಿ ಬರುವಾಗ ತಾನು ಹಾಳು ಮಾಡಿದ ನಾಡಿನಲ್ಲಿ ಕೂಳು ಸಿಗದೆ ಒದ್ದಾಡಿತು. ಮಳೆ ಮೊದಲೇ ಕೈಕೊಟ್ಟಿತ್ತು. 1791–92ರ ಆ ಬರವನ್ನು ಜನ ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ಹೆಣಗಳಿಂದ ನೆನಪಿಟ್ಟುಕೊಂಡರು. ತಲೆಬುರುಡೆಯ ಬರ ಎಂಬ ಹೆಸರು ಅದಕ್ಕೆ ಬಂದದ್ದು ಹಾಗೆ. ಎಲೆ, ಕಾಡುಹಣ್ಣು ತಿಂದು ಜೀವ ಹಿಡಿದವರ, ಹೆಂಗಸರನ್ನೂ ಮಕ್ಕಳನ್ನೂ ಮಾರಿದವರ ಮಾತು ಮುಂಬೈ ಪ್ರಾಂತದ ಗೆಜೆಟಿಯರಿನಲ್ಲಿ ದಾಖಲಾಗಿದೆ.

ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ಪುಸ್ತಕದಲ್ಲಿ ‘ವಲಸೆ’ ಎಂಬ ಪದವನ್ನು ವಿವರಿಸಲು ನಿಲ್ಲುತ್ತಾನೆ. ಶತ್ರುವಿನ ದಂಡು ಬರುತ್ತದೆಂದು ತಿಳಿದೊಡನೆ ಒಂದು ಸೀಮೆಯ ಜನರೆಲ್ಲ ಹೊರಲಾರದ ಸಾಮಾನನ್ನು ನೆಲದಲ್ಲಿ ಹೂತು, ಕೂಸು, ಕಾಳು ಹೊತ್ತು ಕಾಡುಗುಡ್ಡ ಸೇರುವುದಕ್ಕೆ ಆಗ ಈ ಹೆಸರಿತ್ತು. ಇಂಥ ಓಟಕ್ಕೆಂದೇ ಒಂದು ಪದವಿರಬೇಕಾದರೆ ಅದು ಎಷ್ಟು ಸಲ ನಡೆದಿರಬೇಕು! ಇಂದು ನಾವು ವಲಸೆ, ಗುಳೆ ಎನ್ನುವುದು ಬೆಂಗಳೂರು, ಮಂಗಳೂರು, ಗೋವಾಗಳಿಗೆ ಕೂಲಿಗಾಗಿ ಹೋಗುವುದನ್ನು. ಪದ ಅದೇ, ಬೆನ್ನಟ್ಟುವ ದಂಡು ಮಾತ್ರ ಬದಲಾಗಿದೆ.

ರಾಜ್ಯದ ಕದಲಿಕೆ ಪಕ್ಕದ ಸೀಮೆಯದೇ ಆಗಬೇಕೆಂದಿಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಾಶೈರ್‌ನ ಗಿರಣಿಗಳಿಗೆ ಹತ್ತಿ ನಿಂತಿತು, ಧಾರವಾಡ ಸೀಮೆಯ ಹತ್ತಿಗೆ ಹಿಂದೆ ಕಾಣದ ಬೆಲೆ ಬಂತು. ಜೋಳದ ಹೊಲಗಳು ಹತ್ತಿಯ ಹೊಲಗಳಾದವು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಮುಂದಿನ ದಶಕದಲ್ಲಿ ಮಳೆಯೂ ಹೋಯಿತು.

ಒಂದು ಪೌಂಡ್ ಕಾಳು

1876ರ ಧಾತು ಸಂವತ್ಸರದಲ್ಲಿ ತೊಡಗಿ ಈಶ್ವರ ಸಂವತ್ಸರಕ್ಕೂ ದಾಟಿದ ಬರ ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನರನ್ನು ತೆಗೆದುಕೊಂಡಿತು. ಇಂದಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಆಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯೊಳಗಿದ್ದವು. ಆ ಜಿಲ್ಲೆಯಲ್ಲಿ 1872ರ ಜನಗಣತಿಗೆ ಸುಮಾರು 9 ಲಕ್ಷ 88 ಸಾವಿರ ಜನರಿದ್ದರು, 1881ರಲ್ಲಿ ಉಳಿದವರು ಸುಮಾರು 8 ಲಕ್ಷ 83 ಸಾವಿರ. ಹುಟ್ಟಿದವರನ್ನು ಸೇರಿಸಿಯೂ ಲಕ್ಷಕ್ಕಿಂತ ಹೆಚ್ಚು ಕಡಿಮೆ. ಸತ್ತವರು, ಊರು ಬಿಟ್ಟವರು ಇಬ್ಬರೂ ಈ ಅಂತರದಲ್ಲಿದ್ದಾರೆ. ಹಸಿದ ಮೈಗೆ ಕಾಲರಾ ತಗಲಿತು. ಮಳೆ ಮರಳಿ ಬಂದಾಗ ಚಳಿಜ್ವರವೂ ಅದರ ಜೊತೆ ಬಂತು. ಬರ ಕೊಲ್ಲುವುದು ಹೆಚ್ಚಾಗಿ ರೋಗದ ಕೈಯಿಂದ.

ಬಡವನ ಮೈಯನ್ನು ಸರ್ಕಾರ ತೂಕದ ಲೆಕ್ಕಕ್ಕೆ ತಂದದ್ದು ಆಗ. ವೈಸ್‌ರಾಯ್ ಕಳಿಸಿದ ರಿಚರ್ಡ್ ಟೆಂಪಲ್ 1877ರ ಮೊದಲ ತಿಂಗಳುಗಳಲ್ಲಿ ಬರಗಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಕಾಳು ಮತ್ತು ಚಿಲ್ಲರೆ ಕಾಸಿಗೆ ಇಳಿಸಿದ. ಕಲ್ಲು ಒಡೆಯುವ, ಮಣ್ಣು ಹೊರುವ ಮೈಗೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಅಂಕಿಅಂಶ ಮುಂದಿಟ್ಟು ವಾದಿಸಿದ. ಮುಂಬೈ ಪ್ರಾಂತದಲ್ಲಿ ಸಾವಿರಾರು ಕೂಲಿಕಾರರು ಕಾಮಗಾರಿ ಬಿಟ್ಟು ಹೊರನಡೆದರು, ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಬಡವನೆಂದರೆ ಬಡವಾದ ಮೈ ಎಂದು ಕನ್ನಡ ಹೇಳುತ್ತಿದ್ದುದನ್ನು ಆ ಸಭೆ, ಆ ಆರೋಗ್ಯಾಧಿಕಾರಿ ಕಾಗದದ ಮೇಲೆ ಸಾಧಿಸಬೇಕಾಯಿತು.

ಆ ಬರದ ನೆನಪಿನಿಂದಲೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದಾದ ಮೇಲೊಂದು ಬರುತ್ತವೆ. ಹಸಿದ ನಾಡಿಗೆ ಕಾಳು ತರಲೆಂದು ಹಾಕಿದ ಹಳಿ ಮುಂದೆ ಹತ್ತಿಯನ್ನು, ಮೆಣಸಿನಕಾಯಿಯನ್ನು ಹೊರಗೊಯ್ಯುವ ಹಳಿಯೂ ಆಯಿತು. ಅದೇ ದಾರಿಯಲ್ಲಿ ಪಿಡುಗೂ ಬಂತು. 1896ರಲ್ಲಿ ಮುಂಬೈಯಲ್ಲಿ ಎದ್ದ ಪ್ಲೇಗ್ ಎರಡು ವರ್ಷದೊಳಗೆ ಹುಬ್ಬಳ್ಳಿ ಮುಟ್ಟಿತು. ಹಾಫ್‌ಕಿನ್ ಕಂಡುಹಿಡಿದ ಚುಚ್ಚುಮದ್ದನ್ನು 1898ರಲ್ಲಿ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. 1918ರಲ್ಲಿ ಮಹಾಯುದ್ಧದ ಸೈನಿಕರನ್ನು ಹೊತ್ತು ಬಂದ ಹಡಗುಗಳ ಜೊತೆ ಇನ್‌ಫ್ಲುಯೆಂಜಾ ಮುಂಬೈಗೆ ಇಳಿಯಿತು. ಆ ವರ್ಷ ಮುಂಗಾರೂ ಕೈಕೊಟ್ಟಿತ್ತು, ಯುದ್ಧದ ದುಬಾರಿಯೂ ಇತ್ತು. ಯುದ್ಧ, ಬರ, ರೋಗ ಮೂರೂ ಕೂಡಿದ ಆ ವರ್ಷ ಭಾರತದಲ್ಲಿ 1 ಕೋಟಿಗೂ ಹೆಚ್ಚು ಜನ ಸತ್ತರು. ಹೆಚ್ಚಿನವರು ದುಡಿಯುವ ವಯಸ್ಸಿನವರು. ಮನೆ ಹೊರುವ ರಟ್ಟೆಯೇ ಹೋದ ಮೇಲೆ ಉಳಿದವರು ಬಡವಾದದ್ದು ಯಾವ ಲೆಕ್ಕದಲ್ಲೂ ಪೂರ್ತಿ ಬಂದಿಲ್ಲ.

ರೇಖೆಯೊಳಗೆ ಸೇರಿದ ಪದ

ಸ್ವಾತಂತ್ರ್ಯದ ಬಳಿಕ ಬಡವ ಸರ್ಕಾರದ ಪದವಾದ. 1971ರಲ್ಲಿ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ನೀಲಕಂಠ ರಥ್ ಭಾರತದ ಬಡತನ ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ‘ಗರೀಬಿ ಹಠಾವೋ’ ಚುನಾವಣೆಯ ಘೋಷಣೆಯಾದದ್ದೂ ಅದೇ ವರ್ಷ. 1979ರಲ್ಲಿ ಯೋಜನಾ ಆಯೋಗದ ತಜ್ಞರ ತಂಡ ಹಳ್ಳಿಯವರಿಗೆ ದಿನಕ್ಕೆ 2,400, ಪಟ್ಟಣದವರಿಗೆ 2,100 ಕ್ಯಾಲೊರಿ ಎಂದು ಗೆರೆ ಎಳೆಯಿತು. ಅಷ್ಟು ಆಹಾರ ಕೊಳ್ಳುವ ಖರ್ಚು ಮಾಡಲಾರದವರು ‘ಬಡತನ ರೇಖೆ’ಯ ಕೆಳಗಿನವರು. ಒಂದು ಪೌಂಡ್ ಕಾಳಿನಿಂದ 2,400 ಕ್ಯಾಲೊರಿವರೆಗಿನ ಈ ದಾರಿಯಲ್ಲಿ ಪದ ತಿರುಗಿ ತನ್ನ ಬೇರಿಗೇ, ಉಣ್ಣುವ ಮೈಗೇ ಬಂದಿತ್ತು.

ಆದರೆ ಬರುವಾಗ ಅದು ಒಂದನ್ನು ಕಳೆದುಕೊಂಡಿತು. ಹಾವೇರಿಯ ತಾಯಿಯ ಬಾಯಲ್ಲಿ ಅದು ಕ್ರಿಯೆ: ಬಡವಾಗೀ, ಬಡವಾಗ್ಯಾನ, ಬಡವಾಗೈತಿ. ಏನೋ ಆಗಿದೆ, ಯಾವಾಗಲೋ ಆಗಿದೆ, ಯಾವುದರಿಂದಲೋ ಆಗಿದೆ, ಉಣಿಸಿದರೆ, ಉಪಚರಿಸಿದರೆ ಮೈ ಹಿಡಿಯುತ್ತದೆ ಎಂಬುದೆಲ್ಲ ಆ ಕ್ರಿಯಾಪದದಲ್ಲಿದೆ. ಅದಕ್ಕೇ ಆಕೆ ‘ಯಾಕ’ ಎಂದು ಕೇಳುತ್ತಾಳೆ. ಕಚೇರಿಯ ಕಾಗದದಲ್ಲಿ ಅದು ನಾಮಪದ: ಬಡವ, ಬಡ ಕುಟುಂಬ, ಬಿಪಿಎಲ್. ಇದ್ದವನು ಇದ್ದಾನೆ, ಇಲ್ಲದವನು ಇಲ್ಲ. ನಿನ್ನೆ ಬಡವಾದವನಿಗೆ ಅಲ್ಲಿ ಜಾಗವಿಲ್ಲ, ಯಾಕೆ ಬಡವಾದೆ ಎಂಬ ಪ್ರಶ್ನೆಗೆ ಅರ್ಜಿಯಲ್ಲಿ ಕಲಮೇ ಇಲ್ಲ.

ಈ ಪ್ರಶ್ನೆಯನ್ನೇ ಹಿಡಿದು ಸಂಶೋಧಕ ಅನಿರುದ್ಧ ಕೃಷ್ಣ ರಾಜಸ್ಥಾನ, ಗುಜರಾತ್, ಆಂಧ್ರಗಳ ಹಳ್ಳಿಗಳಲ್ಲೂ ಆಫ್ರಿಕಾ, ಲ್ಯಾಟಿನ್ ಅಮೆರಿಕದ ದೇಶಗಳಲ್ಲೂ ಮನೆಮನೆಯ ಚರಿತ್ರೆ ಕೇಳಿದರು. 2010ರಲ್ಲಿ ಬಂದ ಅವರ ಪುಸ್ತಕದ ಹೆಸರು ‘ಒನ್ ಇಲ್‌ನೆಸ್ ಅವೇ’. ಬಡತನಕ್ಕೂ ನಮಗೂ ನಡುವೆ ಇರುವುದು ಒಂದು ಕಾಯಿಲೆಯಷ್ಟೇ ದೂರ ಎಂದು ಅದರ ಭಾವ. ಜನ ಬಡತನದಿಂದ ಮೇಲೆ ಬರುತ್ತಿರುವ ಹೊತ್ತಿಗೇ ಬೇರೆ ಜನ ಅದರೊಳಗೆ ಬೀಳುತ್ತಿರುತ್ತಾರೆ, ಬೀಳಿಸುವುದರಲ್ಲಿ ಕಾಯಿಲೆ ಮತ್ತು ಅದರ ಖರ್ಚೇ ಮುಂದು ಎಂದು ಅವರು ತೋರಿಸಿದರು. ಕನ್ನಡದ ಪದ ಹೇಳುತ್ತ ಬಂದದ್ದೂ ಇದನ್ನೇ.

ಈಗಿನ ಕಾಲದ ಬಡವಾಗುವಿಕೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ, ಗುರುವಾರ ಕೆಂಪಾಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಡಬ್ಬಿ, ಕಡ್ಡಿ ತಳಿಗಳ ಜೊತೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಾಯಿಯೂ ಇಲ್ಲಿಗೇ ಬರುತ್ತದೆ. ಅದರ ನೆರಳಲ್ಲಿ ಕೆ.ಜಿ. ಲೆಕ್ಕದ ಕೂಲಿಗೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಚೀಲ ಹೊರುವ ಹಮಾಲರು, ಘಾಟಿನಲ್ಲೇ ದಿನ ಕಳೆಯುವ ಪುಡಿ ಗಿರಣಿಯವರು ಇದ್ದಾರೆ. 2020ರ ಮಾರ್ಚ್ 24ರ ರಾತ್ರಿ ಕೋವಿಡ್ ತಡೆಯಲೆಂದು ದೇಶಕ್ಕೆ ಬೀಗ ಬಿದ್ದಾಗ ಮೆಣಸಿನಕಾಯಿಯ ಹಂಗಾಮು ಏರಿನಲ್ಲಿತ್ತು. ಅಂಗಳಕ್ಕೆ ಕಾಯಿ ಬರದಿದ್ದರೆ ತೊಟ್ಟು ಬಿಡಿಸುವವಳಿಗೆ ಆ ದಿನದ ಕೂಲಿಯಿಲ್ಲ. ಆ ವರ್ಷ ಬೆಂಗಳೂರಿನಿಂದ, ಮುಂಬೈಯಿಂದ, ಗೋವಾದಿಂದ ನಡೆದೂ ಲಾರಿ ಹತ್ತಿಯೂ ಊರಿಗೆ ಮರಳಿದವರು ದರಿದ್ರ, ಗರೀಬ ಎಂಬ ಪದಗಳ ಮೂಲಾರ್ಥವನ್ನು ಹೆದ್ದಾರಿಯ ಮೇಲೆ ಮತ್ತೆ ಬರೆದರು. ಸೋಂಕಿನ ಹೆದರಿಕೆಯಿಂದ ಸ್ವಂತ ಊರಿನ ಅಗಸೆಯಲ್ಲೇ ಪರಕೀಯರಾಗಿ ನಿಂತವರೂ ಅವರಲ್ಲಿದ್ದರು.

ರಾಜಕೀಯದ ಕದಲಿಕೆ ಈ ಸೀಮೆಯನ್ನು ಬೇರೆ ಬೇರೆ ರೂಪದಲ್ಲಿ ತಟ್ಟಿದೆ. 2008ರ ಮೇ 30ರಂದು ರಾಜ್ಯದಲ್ಲಿ ಹೊಸ ಸರ್ಕಾರ ಬಂತು. ಜೂನ್ 10ರಂದು ಹಾವೇರಿಯಲ್ಲಿ, ಬಿತ್ತನೆಯ ಹದದಲ್ಲಿ ಗೊಬ್ಬರ ಸಿಗದೆ ರೊಚ್ಚಿಗೆದ್ದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ರೈತರು ಜೀವ ಕಳೆದುಕೊಂಡರು. 2019ರ ಜುಲೈನಲ್ಲಿ ಸಮ್ಮಿಶ್ರ ಸರ್ಕಾರ ಉರುಳಿತು. ಅದನ್ನು ಉರುಳಿಸಿ ಅನರ್ಹಗೊಂಡ ಶಾಸಕರಲ್ಲಿ ಇಬ್ಬರು ರಾಣೆಬೆನ್ನೂರು ಮತ್ತು ಹಿರೇಕೆರೂರಿನವರು. ಜುಲೈ 26ರಂದು ಪ್ರಮಾಣ ಸ್ವೀಕರಿಸಿದ ಮುಖ್ಯಮಂತ್ರಿಗೆ ಆಗಸ್ಟ್ 20ರವರೆಗೆ ಒಬ್ಬ ಸಚಿವರೂ ಇರಲಿಲ್ಲ. ಆ ಆಗಸ್ಟ್‌ನ ಮೊದಲ ವಾರಗಳಲ್ಲೇ ವರದಾ, ತುಂಗಭದ್ರೆಗಳು ಉಕ್ಕಿ ದಂಡೆಯ ಹೊಲಮನೆಗಳಿಗೆ ನುಗ್ಗಿದವು. ರಾಣೆಬೆನ್ನೂರಿನವರು ನೆರೆಯ ದೂರು ಹೇಳಿಕೊಳ್ಳಲು ತಮ್ಮದೇ ಶಾಸಕನಿಲ್ಲದ ದಿನಗಳವು, ಡಿಸೆಂಬರ್ 5ರ ಉಪಚುನಾವಣೆಯವರೆಗೂ ಹಾಗೇ ಇತ್ತು. ನೀರಿಗೆ ಯಾವ ಪಕ್ಷವೂ ಇಲ್ಲ. ನೀರು ಇಳಿದ ಮೇಲೆ ಮನೆ ಎತ್ತಿ ನಿಲ್ಲಿಸುವುದಕ್ಕೆ ಮಾತ್ರ ನಿಂತು ಕೆಲಸ ಮಾಡುವ ಸರ್ಕಾರ ಬೇಕು.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದ ಶೆಲ್ ದಾಳಿಯಲ್ಲಿ ಸತ್ತ ವೈದ್ಯಕೀಯ ವಿದ್ಯಾರ್ಥಿ ರಾಣೆಬೆನ್ನೂರು ತಾಲೂಕಿನ ಚಳಗೇರಿಯವನು. ಪಿಯುಸಿಯಲ್ಲಿ ಶೇ. 97 ಅಂಕ ತೆಗೆದರೂ ಇಲ್ಲಿ ಕೈಗೆಟುಕುವ ಸೀಟು ಸಿಗಲಿಲ್ಲವೆಂದು ಆತನ ತಂದೆ ಅಂದು ನೊಂದು ನುಡಿದರು. ಮಗನ ದೇಹವನ್ನು ಅವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ದೂರದ ಯುದ್ಧ, ಇಲ್ಲಿನ ವೈದ್ಯಶಿಕ್ಷಣದ ದುಬಾರಿ, ಹಳ್ಳಿಯ ಮನೆಯ ಕನಸು ಮೂರೂ ಒಂದೇ ಮೈಯ ಮೇಲೆ ಬಂದು ಬಿದ್ದವು. ಅದೇ ಯುದ್ಧ ರಸಗೊಬ್ಬರದ, ಸೂರ್ಯಕಾಂತಿ ಎಣ್ಣೆಯ ಬೆಲೆಯನ್ನೂ ಏರಿಸಿತು.

2024ರ ಮಾರ್ಚ್ 11, ಸೋಮವಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದರ ದಿಢೀರನೆ ಕುಸಿದುದನ್ನು ಕಂಡ ರೈತರ ಸಿಟ್ಟು ಎಪಿಎಂಸಿ ಕಚೇರಿಯ ಮೇಲೆ ಹೊರಳಿತು, ವಾಹನಗಳು ಸುಟ್ಟವು. ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆ ಹೇಳುವಂತೆ ಸಿಟ್ಟಿನ ಹೊರೆಯನ್ನು ಕೊನೆಗೆ ಹೊತ್ತವರು ಬಂಧನ, ಮೊಕದ್ದಮೆಗಳಿಗೆ ಸಿಕ್ಕವರು. ಅವರು ಬಂದದ್ದು ಬೆಳೆಸಾಲವನ್ನು ಬೆನ್ನ ಮೇಲೆ ಹೊತ್ತುಕೊಂಡು ಎಂಬುದು ಆ ದಿನದ ಬೆಂಕಿಯ ಚಿತ್ರಗಳಲ್ಲಿ ಕಾಣುವುದಿಲ್ಲ.

ರಾಣೆಬೆನ್ನೂರು ತಾಲೂಕಿನ ತಾಂಡಾಗಳ ಹೆಣ್ಣುಮಕ್ಕಳ ಕತೆ ಎಲ್ಲಕ್ಕಿಂತ ಕಷ್ಟದ್ದು. ಕಳೆದ ದಶಕದಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರ ಗರ್ಭಕೋಶ ತೆಗೆಯಲಾಯಿತು, ಬಹುಪಾಲು ಬೇಕಿಲ್ಲದೆಯೇ ತೆಗೆದದ್ದು ಎಂಬ ದೂರು ತನಿಖೆಗೆ ಹೋಯಿತು. ಪರಿಹಾರ ಕೇಳಿ ಆ ಮಹಿಳೆಯರು ವರ್ಷಗಟ್ಟಲೆ ಧರಣಿ ಕೂತರು, ಪಾದಯಾತ್ರೆ ಹೊರಟರು. ಶಸ್ತ್ರಕ್ರಿಯೆಯ ಬಳಿಕ ಹೊಲದಲ್ಲಿ ದುಡಿಯುವ ತ್ರಾಣವೇ ಉಳಿಯಲಿಲ್ಲ ಎಂಬುದು ಅವರ ಮಾತು. ಮೈ ಬಡವಾದರೆ ಮನೆ ಬಡವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ರೋಗದಿಂದ ಮಾತ್ರವಲ್ಲ, ಕೆಟ್ಟ ಚಿಕಿತ್ಸೆಯಿಂದಲೂ ಜನ ಬಡವಾಗುತ್ತಾರೆ.

ಲೋಕದ ಲೆಕ್ಕವೂ ಇದನ್ನೇ ಹೇಳುತ್ತದೆ. 2020ರ ಒಂದೇ ವರ್ಷದಲ್ಲಿ ಸುಮಾರು 7 ಕೋಟಿ ಜನ ಕಡುಬಡತನಕ್ಕೆ ಬಿದ್ದರೆಂದು ವಿಶ್ವಬ್ಯಾಂಕ್ 2022ರಲ್ಲಿ ಅಂದಾಜಿಸಿತು. ಸಾಂಕ್ರಾಮಿಕದಿಂದ ಪ್ರವಾಸೋದ್ಯಮ ನೆಲಕಚ್ಚಿ, ಆಡಳಿತದ ತಪ್ಪು ನಿರ್ಧಾರಗಳು ಸೇರಿ, 2022ರ ಜುಲೈನಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಓಡಿದ ಶ್ರೀಲಂಕಾದಲ್ಲಿ ಬಡವರ ಪಾಲು ಒಂದು ವರ್ಷದಲ್ಲಿ ಶೇ. 13.1ರಿಂದ ಶೇ. 25ಕ್ಕೆ ಏರಿತು. ಬಡವರೆಂಬ ಬೇರೆ ಜಾತಿಯೊಂದು ಅಲ್ಲಿ ಹುಟ್ಟಿ ಬರಲಿಲ್ಲ. ಹಿಂದಿನ ವರ್ಷ ಸ್ಕೂಟರಿಗೆ ಪೆಟ್ರೋಲು, ಮನೆಗೆ ಗ್ಯಾಸು ಕೊಳ್ಳುತ್ತಿದ್ದವರೇ ಬಡವಾದರು.

ಕ್ರಿಯಾಪದವನ್ನು ಮರಳಿ ಪಡೆಯುವುದು

ಬಡವಾಗುವುದನ್ನು ನಡುದಾರಿಯಲ್ಲಿ ತಡೆಯುವ ಯತ್ನಗಳೂ ಕರ್ನಾಟಕದಲ್ಲಿ ನಡೆದಿವೆ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಬಂದ ಯಶಸ್ವಿನಿ, ಶಸ್ತ್ರಕ್ರಿಯೆಯ ಖರ್ಚಿಗೆ ಹೊಲ ಮಾರಬೇಕಾದ ಸ್ಥಿತಿಯನ್ನು ತಪ್ಪಿಸಲು ಹುಟ್ಟಿದ ಯೋಜನೆ. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಕರಗಿತು, 2022ರಲ್ಲಿ ಮತ್ತೆ ಬಂತು. ನಡುವಿನ ವರ್ಷಗಳಲ್ಲೇ ಕೋವಿಡ್ ಬಂದು ಹೋಯಿತು. 2013ರ ಅನ್ನಭಾಗ್ಯ ನೇರವಾಗಿ ಹೊಟ್ಟೆಯ ಯೋಜನೆ. 2018ರ ‘ಬಡವರ ಬಂಧು’ ಬೀದಿಬದಿಯ ವ್ಯಾಪಾರಿಗಳಿಗೆ ಬಡ್ಡಿಯಿಲ್ಲದ ಸಣ್ಣ ಸಾಲದ ಯೋಜನೆ, ಬಡವನಿಗೂ ಬಡ್ಡಿಗೂ ಇರುವ ಹಳೆಯ ವೈರವನ್ನು ಅರಿತು ಇಟ್ಟ ಹೆಸರಿನಂತಿದೆ. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಗೆ ವೈದ್ಯಕೀಯ ಕಾಲೇಜು ಬರಲು ಕಾಲು ಶತಮಾನ ಹಿಡಿಯಿತು. ಅಷ್ಟು ಕಾಲ ಇಲ್ಲಿನ ದೊಡ್ಡ ಜಡ್ಡುಗಳೆಲ್ಲ ಹುಬ್ಬಳ್ಳಿಗೋ ದಾವಣಗೆರೆಗೋ ಬಾಡಿಗೆ ಗಾಡಿಯಲ್ಲಿ ಹೋದವು.

ಸರ್ಕಾರ ಬದಲಾದಾಗ ಇಂಥ ಆಸರೆಗಳು ಹೆಸರು ಕಳಚಿ, ಹೆಸರು ತೊಟ್ಟು, ನಡುವೆ ನಿಂತುಹೋಗುವುದೇ ರಾಜಕೀಯದ ಕದಲಿಕೆ ಬಡವರನ್ನು ತಟ್ಟುವ ಸದ್ದಿಲ್ಲದ ಬಗೆ. ದಂಡು ಬಂದು ಹಗೇವು ಒಡೆದ ಕಾಲ ಹೋಗಿದೆ. ಬಂದ್ ಆದ ಯೋಜನೆಯ ಕಾರ್ಡು ಹಿಡಿದು ದವಾಖಾನೆಯ ಕೌಂಟರಿನ ಮುಂದೆ ನಿಲ್ಲುವ ಕಾಲ ಇದು. ಆರೋಗ್ಯದ ಆಸರೆ ಚುನಾವಣೆಯಿಂದ ಚುನಾವಣೆಗೆ ಮುರಿಯಬಾರದು. ಮನೆಯ ದುಡಿಯುವ ಜೀವ ಮಲಗಿದ ತಿಂಗಳಲ್ಲೇ ರೇಷನ್ನೂ ನೆರವೂ ಸಿಗುವಂತಿರಬೇಕು, ಮುಂದಿನ ಸಮೀಕ್ಷೆಯವರೆಗೆ ಕಾಯಿಸಬಾರದು. ಊರಿನ ಆಶಾ ಕಾರ್ಯಕರ್ತೆಗೆ, ಅಂಗನವಾಡಿಯ ಅಕ್ಕನಿಗೆ, ಪಂಚಾಯತಿಯವರಿಗೆ ಯಾವ ಮನೆ ಈ ವರ್ಷ ಬಡವಾಗುತ್ತಿದೆ ಎಂಬುದು ಗೊತ್ತಿರುತ್ತದೆ. ಅವರ ಆ ತಿಳಿವಳಿಕೆಗೆ ಕಚೇರಿಯ ಕಡತದಲ್ಲಿ ಬೆಲೆ ಬರಬೇಕು.

ಅರ್ಜಿ ನಮೂನೆಯಲ್ಲಿ ‘ನೀವು ಬಡವರೇ?’ ಎಂದು ಕೇಳುವ ನಾಡು, ಪ್ರಮಾಣಪತ್ರ ತರುವವರನ್ನು ಮಾತ್ರ ಕಾಣುತ್ತದೆ. ‘ಯಾಕ ಬಡವಾದ್ರಿ? ಯಾವಾಗಿಂದ?’ ಎಂದು ಕೇಳುವ ನಾಡಿಗೆ ಜ್ವರ ಕಾಣುತ್ತದೆ, ಬಿಲ್ಲು ಕಾಣುತ್ತದೆ, ಬಿದ್ದ ದರ, ಉಕ್ಕಿದ ಹೊಳೆ, ಉರುಳಿದ ಸರ್ಕಾರ ಕಾಣುತ್ತವೆ. ಕಂಡದ್ದಕ್ಕೆ ಮದ್ದು ಮಾಡಬಹುದು. ಆ ಪ್ರಶ್ನೆ ಕೇಳಲು ಬೇಕಾದ ಪದ ಹಾವೇರಿ ಸೀಮೆಯ ಪ್ರತಿ ಮನೆಯಲ್ಲೂ ದಿನಬಳಕೆಯಲ್ಲಿದೆ. ಅದನ್ನು ವಿಧಾನಸೌಧದ ಕನ್ನಡಕ್ಕೂ ತರುವುದು ನಮ್ಮ ಕೆಲಸ.